ಜೋಳದ ಚೀಲದಲ್ಲಿಟ್ಟ ಕೂಸು

ವಸ್ತುಗಳನ್ನು ಕಳೆದುಕೊಳ್ಳುವವರಲ್ಲಿ ಎರಡು ಜಾತಿ. ಎಲ್ಲೆಂದರಲ್ಲಿ ಒಗೆದು ಕಳೆದುಕೊಳ್ಳುವವರು ಒಂದು, ಜೋಪಾನವಾಗಿ ಇಟ್ಟು ಕಳೆದುಕೊಳ್ಳುವವರು ಇನ್ನೊಂದು. ಮೊದಲನೆಯವರ ಬಗ್ಗೆ ಲೋಕಕ್ಕೆ ಸಿಟ್ಟಿದ್ದರೂ ನನಗೆ ಅಸೂಯೆಯಿದೆ. ಒಗೆದ ವಸ್ತು ಒಂದಲ್ಲ ಒಂದು ದಿನ ಕಸ ಹೊಡೆಯುವಾಗ ಸಿಕ್ಕೇ ಸಿಗುತ್ತದೆ. ಜೋಪಾನವಾಗಿಟ್ಟದ್ದು ಹಾಗಲ್ಲ. ಅದನ್ನು ಯಾರ ಕೈಗೂ ಸಿಗಬಾರದೆಂದೇ ಇಟ್ಟಿರುತ್ತೇವೆ, ಅದರಂತೆ ಯಾರ ಕೈಗೂ ಸಿಗುವುದಿಲ್ಲ. ಇಟ್ಟವನೂ ಆ ಯಾರಲ್ಲಿ ಒಬ್ಬ ಎಂಬುದು ಆಮೇಲೆ ತಿಳಿಯುತ್ತದೆ. ನಾನು ಈ ಎರಡನೆಯ ಜಾತಿಯವನು. ಸಾಕ್ಷಿ ಬೇಕೆಂದರೆ ನಮ್ಮ ಮನೆಯ ತಿಜೋರಿ ನೋಡಬಹುದು. ಹಿಂದೊಮ್ಮೆ ಮನೆಮಂದಿಯೆಲ್ಲ ಮದುವೆಗೆ ಹೊರಟಾಗ ಅದರ ಕೀಲಿಕೈಯನ್ನು ಕಳ್ಳನ ಅಪ್ಪನಿಗೂ ಸಿಗದ ಜಾಗದಲ್ಲಿಟ್ಟಿದ್ದೆ. ಕಳ್ಳ ಬರಲಿಲ್ಲ, ಅವನ ಅಪ್ಪನೂ ಬರಲಿಲ್ಲ. ಊರಿಂದ ಬಂದ ಮೇಲೆ ನಾನೇ ಕೀಲಿ ಒಡೆಸಬೇಕಾಯಿತು. ಅಂದಿನಿಂದ ಆ ಬಾಗಿಲು ನಾಲ್ಕು ಮಡಿಕೆಯ ದಿನಪತ್ರಿಕೆಯ ಆಸರೆಯ ಮೇಲೆ ನಿಂತಿದೆ. ಹೆಂಡತಿ ಕಸ್ತೂರಿ ಸೀರೆ ತೆಗೆಯುವಾಗೆಲ್ಲ ಆ ಪತ್ರಿಕೆ ಕೆಳಗೆ ಬೀಳುತ್ತದೆ, ಅವಳು ಒಮ್ಮೆ ನನ್ನನ್ನು ನೋಡುತ್ತಾಳೆ, ಮಾತಿಲ್ಲದೆ ಮತ್ತೆ ಸಿಕ್ಕಿಸುತ್ತಾಳೆ. ಮಾತಾಡಿದ್ದರೆ ಒಳ್ಳೆಯದಿತ್ತು.

ಇಂಥ ನನ್ನನ್ನು ನಮ್ಮ ಇಂಡಿ ಊರಿನ ಜನ ಜೋಪಾನಕ್ಕೆ ಹೆಸರಾದವನೆಂದು ತಿಳಿದಿರುವುದಕ್ಕೆ ನನ್ನ ನೌಕರಿ ಕಾರಣ. ನಾನು ಕಾಲೇಜಿನ ಗ್ರಂಥಪಾಲಕ. ಯಾವ ಪುಸ್ತಕ ಕೇಳಿದರೂ ಕುಳಿತಲ್ಲಿಂದಲೇ ಕಪಾಟು, ಸಾಲು ಹೇಳಬಲ್ಲೆ. ಅದರಲ್ಲಿ ನನ್ನ ಬುದ್ಧಿಯೇನಿಲ್ಲ, ಪುಸ್ತಕದ ಬೆನ್ನ ಮೇಲೆ ನಂಬರು ಇರುತ್ತದೆ. ಮನೆಯ ಕತ್ತರಿಯ ಬೆನ್ನ ಮೇಲೆ ಯಾವ ನಂಬರಿದೆ? ಆದರೆ ನಮ್ಮ ಮಾಳಿಗೆಯ ಮೇಲೆ ಬಾಡಿಗೆಗಿರುವ ಸ್ಟೆಲ್ಲಾ ಸಿಸ್ಟರ್‌ಗೆ ಈ ಸೂಕ್ಷ್ಮ ಗೊತ್ತಿರಲಿಲ್ಲ. ಅವರು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ಊರು ಮುದಗಲ್ಲು. ಗಂಡನ ಕೆಲಸ ದೂರದಲ್ಲಿ, ಜೊತೆಗಿರುವುದು ನಾಲ್ಕು ವರ್ಷದ ಮಗಳು. ಪ್ರತಿವರ್ಷ ಕ್ರಿಸ್‌ಮಸ್ಸಿಗೆ ತವರಿಗೆ ಹೋಗುತ್ತಿದ್ದ ಅವರಿಗೆ ಈ ಸಲ ರಜೆ ಸಿಗಲಿಲ್ಲ. ಹಬ್ಬದ ಹಿಂದಿನ ರಾತ್ರಿಯೇ ಡ್ಯೂಟಿ ಬಿತ್ತು. ಅವರ ತಾಯಿ ರೋಜಮ್ಮ, "ನೀ ಹಬ್ಬಕ್ಕ ಬರಾಕ ಆಗದಿದ್ರ ಹಬ್ಬನ ನಿನ್ನ ಕಡೆ ಬರ್ತೈತಿ ಬಿಡ" ಎಂದು ಫೋನಿನಲ್ಲಿ ಹೇಳಿ, ಗೋದಲಿಯ ಗೊಂಬೆಗಳ ಪೆಟ್ಟಿಗೆಯನ್ನು ಡಿಸೆಂಬರ್ ಮೊದಲಲ್ಲೇ ಯಾರದೋ ಕೈಯಲ್ಲಿ ಬಸ್ಸಿಗೆ ಹಾಕಿ ಕಳಿಸಿದ್ದರು. ಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ಹುಲ್ಲು, ಗೊಂಬೆಗಳಿಂದ ಮಾಡುವುದಕ್ಕೆ ಗೋದಲಿ ಎನ್ನುತ್ತಾರೆಂದು ನನಗೆ ಅವತ್ತೇ ತಿಳಿದದ್ದು.

ಸಿಸ್ಟರ್ ಆ ಪೆಟ್ಟಿಗೆಯಿಂದ ಅಂಗೈಯಷ್ಟು ದೊಡ್ಡ ಕೂಸಿನ ಗೊಂಬೆಯೊಂದನ್ನು ತೆಗೆದು ನನ್ನ ಕೈಗಿಟ್ಟರು. "ಸರ, ಇದೊಂದು ನಿಮ್ಮ ಕಡೆ ಇರ್ಲಿ. ಉಳಿದ ಗೊಂಬಿ ಮೊದಲ ಇಡ್ತೇವಿ, ಕೂಸಿನ ಮಾತ್ರ ಹಬ್ಬದ ಹಿಂದಿನ ದಿನಾನ ಇಡೂದು. ನನ್ನ ಕಡೆ ಇಟ್ಕೊಂಡ್ರ ನನ್ನ ಮಗಳು ದಿನಾ ಅದಕ್ಕ ಎರಿಯಾಕ ಕುಂದರ್ತಾಳ. ಸುಣ್ಣದ ಗೊಂಬಿ ಐತ್ರಿ, ನೀರ ತಾಗಿದ್ರ ಕರಗಿ ಹೊಕ್ಕೈತಿ." ನಾನು ಗೊಂಬೆಯ ಮೂಗಿನ ತುದಿ ಮುಕ್ಕಾಗಿದ್ದನ್ನು ನೋಡಿದೆ. "ಅದು ಮೊದಲಿಂದ ಹಂಗ ಐತ್ರಿ. ನಮ್ಮವ್ವನ ಅವ್ವನ ಕಾಲದ್ದು. ನಮ್ಮವ್ವ ಯಾರಿಗೂ ಅಂಜಾಕಿ ಅಲ್ಲ, ಈ ಕೂಸಿಗಿ ಏನರ ಆದ್ರ ಅಂತ ಅದಕ್ಕೊಂದು ಅಂಜತಾಳ. ನೀವು ಲೈಬ್ರರಿಯವ್ರು, ನಿಮ್ಮ ಕಡೆ ಇದ್ರ ನನಗ ನಿದ್ದಿ ಬರ್ತೈತಿ." ಅವರ ನಿದ್ದೆಯನ್ನು ನಾನು ವಹಿಸಿಕೊಂಡೆ. ನನ್ನ ನಿದ್ದೆ ಹೋದದ್ದು ಆ ಗಳಿಗೆಯಿಂದಲೇ ಎಂದು ಈಗ ಅನಿಸುತ್ತದೆ.

ಎಲ್ಲಿಡುವುದು? ತಿಜೋರಿಯ ಕಥೆ ಹೇಳಿಯಾಯಿತು. ನಮ್ಮಪ್ಪ ಬೆಲೆಬಾಳುವ ವಸ್ತುಗಳನ್ನು ಜೋಳದ ಚೀಲದಲ್ಲಿಡುತ್ತಿದ್ದ. ಸಣ್ಣವನಿದ್ದಾಗ ಅವನು ಧೋತರದ ಚೂರಿನಲ್ಲಿ ಏನನ್ನೋ ಸುತ್ತಿ, ಮೊಣಕೈ ಮುಳುಗುವ ತನಕ ಜೋಳದಲ್ಲಿ ಕೈಹಾಕಿ ಇಡುವುದನ್ನು ನೋಡಿಬಿಟ್ಟಿದ್ದೆ. "ಏನಪ್ಪಾ ಅದು" ಎಂದರೆ, "ಜ್ವಾಳದಾಗ ಇಟ್ಟಾವ್ರು ಹೇಳಬಾರ್ದು, ಸಿಕ್ಕಾವ್ರು ಕೇಳಬಾರ್ದು. ಹೋಗ, ಆಡ್ಕೋ ಹೋಗ" ಎಂದಿದ್ದ. ಆ ಮಾತು ನನ್ನ ಮನಸ್ಸಿನಲ್ಲಿ ಭದ್ರವಾಗಿ ಕುಳಿತಿತ್ತು. ಅಪ್ಪ ತೀರಿಕೊಂಡು ವರ್ಷಗಳಾದವು. ಅವನ ಹಳೆಯ ಧೋತರವೊಂದು ನನ್ನ ಬಳಿಯಿದೆ, ಬಹಳ ಮೆತ್ತಗಿನ ಅರಿವೆ, ಬೇಕಾದಾಗ ಚೂರು ಚೂರೇ ಹರಿದುಕೊಳ್ಳುತ್ತೇನೆ. ಅಂಥದೊಂದು ಚೂರಿನಲ್ಲಿ ಕೂಸನ್ನು ಸುತ್ತಿ ಅಡುಗೆಮನೆಯ ಮೂಲೆಯ ಜೋಳದ ಚೀಲದ ನಟ್ಟನಡುವೆ ಹುಗಿದು, ಮೇಲೆ ಸವರಿ, ಅಪ್ಪನ ಕಟ್ಟಳೆಯಂತೆ ಯಾರಿಗೂ ಹೇಳದೆ ಕೈ ಝಾಡಿಸಿಕೊಂಡು ಕಾಲೇಜಿಗೆ ಹೋದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡಿದ್ದೆ ಎಂದೂ ಹೇಳಿಬಿಡುತ್ತೇನೆ.

ಹಬ್ಬ ಹತ್ತಿರವಾದಂತೆ ಗೋದಲಿ ಎದ್ದು ನಿಂತಿತು. ಮಾಳಿಗೆಯ ಮನೆಯಲ್ಲಿ ಜಾಗ ಸಾಲದ್ದರಿಂದ ನಮ್ಮ ಪಡಸಾಲೆಯಲ್ಲೇ, ಮಾಳಿಗೆಗೆ ಹೋಗುವ ಮೆಟ್ಟಿಲ ಕೆಳಗೆ ಕಟ್ಟಿದರು. ಒಣ ಜೋಳದ ದಂಟಿನ, ಅಂದರೆ ಕಣಕಿಯ ಚಪ್ಪರ, ತಟ್ಟೆಯಲ್ಲಿ ಗೋಧಿ ಮೊಳೆಸಿ ಬೆಳೆದ ಹಸಿರು, ಎತ್ತು, ಕತ್ತೆ, ಕುರಿ, ಕುರುಬರು. ನಡುವೆ ಒಂದು ಕಡೆ ತಾಯಿ ಮರಿಯಮ್ಮ, ಒಂದು ಕಡೆ ಜೋಸೆಫಪ್ಪ, ಇಬ್ಬರ ನಡುವೆ ಹುಲ್ಲು ಹಾಸಿದ ಖಾಲಿ ಜಾಗ. ಎತ್ತು ಕತ್ತೆ ಸಹಿತ ಎಲ್ಲರೂ ಆ ಖಾಲಿ ಜಾಗವನ್ನೇ ನೋಡುತ್ತಿದ್ದರು. ಗೋದಲಿ ಕಟ್ಟಿದ ಸಂಜೆ ನಮ್ಮವ್ವ ಸೋಬಾನೆಗೆ ಬಂದವಳಂತೆ ಎದುರಿಗೆ ಕುಳಿತು, "ಕೂಸೆಲ್ಲಿ ಸಿಸ್ಟರವ್ವಾ?" ಎಂದು ಕೇಳಿದಳು. "ಇನ್ನಾ ಹುಟ್ಟಿಲ್ಲ ಆಯಿ, ಇಪ್ಪತ್ನಾಕಕ್ಕ" ಎಂದರು ಸಿಸ್ಟರ್. ಅವ್ವನಿಗೆ ಅಷ್ಟೇ ಸಾಕಾಯಿತು. "ಅಂದ್ರ ಈ ತಾಯಿಗಿ ತುಂಬಿದ ತಿಂಗಳಾ" ಎಂದವಳೇ ಮರುದಿನದಿಂದ ಮರಿಯಮ್ಮನ ಮುಂದೆ ಒಂದು ದಿನ ಹುಣಸೆಹಣ್ಣು, ಒಂದು ದಿನ ಶೇಂಗಾ ಹೋಳಿಗೆಯ ತುಣುಕು, ಒಂದು ದಿನ ಲಿಂಬಿಕಾಯಿ ಉಪ್ಪಿನಕಾಯಿ ಇಡತೊಡಗಿದಳು. ಬಸುರಿ ಹೆಂಗಸಿನ ಎದುರು ಉಂಡು ತಾನೊಬ್ಬಳೇ ಕೈತೊಳೆಯುವುದು ಅವಳಿಗೆ ಸರಿ ಬರುವುದಿಲ್ಲ.

ಆ ಖಾಲಿ ಜಾಗ ನೋಡಿದ ಮೇಲೆ ಒಮ್ಮೆ ಕೂಸನ್ನು ಮುಟ್ಟಿ ನೋಡಿ ಬರೋಣ ಎನಿಸಿತು. ಅಡುಗೆಮನೆಯ ಮೂಲೆಗೆ ಹೋದೆ. ಚೀಲವಿರಲಿಲ್ಲ. ಚೀಲವಿದ್ದ ಜಾಗದಲ್ಲಿ ನಾಲ್ಕು ಕಾಳು ಜೋಳ, ಒಂದು ಇರುವೆ. "ಇಲ್ಲಿದ್ದ ಜೋಳ?" ಎಂದು ಆದಷ್ಟು ಸಹಜವಾಗಿ ಕೇಳಿದೆ. ಕಸ್ತೂರಿ ತಿರುಗಿಯೂ ನೋಡದೆ, "ಈ ಸಲ ಎಳ್ಳಮಾಸಿ ಕ್ರಿಸ್‌ಮಸ್ಸಿನ ಬೆನ್ನಿಗೇ ಬಂದೈತಿ. ಆಮ್ಯಾಗ ಗಿರಣ್ಯಾಗ ಪಾಳಿ ಸಿಗೂದಿಲ್ಲಂತ ಅತ್ತಿ ಹಸನ ಮಾಡಿ ಕೊಟ್ರು, ನಾ ಬೀಸಿಸ್ಕೊಂಡು ಬಂದ್ಯಾ" ಎಂದಳು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲುವುದು ನಮ್ಮ ಕಡೆ ದೊಡ್ಡ ಹಬ್ಬ. ಹತ್ತಿರದ ಬಳಗವೆಲ್ಲ ಬರುತ್ತದೆ, ರೊಟ್ಟಿ ಬಡಿಯುವ ಸಪ್ಪಳ ವಾರದ ಮೊದಲೇ ಶುರುವಾಗುತ್ತದೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಜೋಳದ ಚೀಲ ಲಾಕರ್ ಅಲ್ಲ, ಊಟದ ಸಾಮಾನು ಎಂಬುದು ಮಾತ್ರ ಆ ಗಳಿಗೆಯಲ್ಲಿ ಹೊಸದಾಗಿ ಹೊಳೆಯಿತು.

ಕಲ್ಲು ಕಡ್ಡಿ ಆರಿಸಿ ಹಸನು ಮಾಡಿದವಳು ಅವ್ವ. ಓಡಿಹೋಗಿ, "ಅವ್ವಾ, ಜ್ವಾಳದಾಗ ಏನರ ಸಿಕ್ತೇನು?" ಎಂದು ಕೇಳಿದೆ. ಅವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಒಂದು ಕ್ಷಣ ನಿಲ್ಲಿಸಿ ನನ್ನ ಮುಖ ನೋಡಿದಳು. "ಜ್ವಾಳದಾಗ ಏನ್ ಸಿಗ್ತೈತಪಾ? ಜ್ವಾಳ ಸಿಗ್ತೈತಿ" ಎಂದು ಎಲೆ ಬಾಯಿಗಿಟ್ಟುಕೊಂಡಳು. ಎಲೆ ಬಾಯಲ್ಲಿದ್ದರೆ ಅವ್ವನ ಜೊತೆ ಮಾತು ಮುಗಿದಂತೆ. ಅವಳ ಕಣ್ಣು ಈಚೆಗೆ ಮಂದ. ಕಾಣದೆ ಹಾಗೆಯೇ ಚೀಲಕ್ಕೆ ಸುರಿದಿದ್ದಾಳೆ, ಕೂಸು ಜೋಳದ ಜೊತೆಗೇ ಗಿರಣಿಗೆ ಹೋಗಿದೆ ಎಂದು ನಾನು ಲೆಕ್ಕ ಹಾಕಿದೆ. ಕಸ್ತೂರಿಗೆ ಹೇಳಿಬಿಡಬಹುದಿತ್ತು. ಆದರೆ ತಿಜೋರಿಯ ಬಾಗಿಲಿಂದ ಆ ಪತ್ರಿಕೆ ಬೀಳುವಾಗ ಅವಳು ನನ್ನನ್ನು ನೋಡುವ ರೀತಿ ನಿಮಗೆ ಗೊತ್ತಿಲ್ಲ.

ಗಿರಣಿಯ ಬಾಬುಸಾಬರು ನನಗೆ ಹಳೆಯ ಪರಿಚಯ. ಹಿಟ್ಟಿನಿಂದ ಹುಬ್ಬು ಮೀಸೆ ಬೆಳ್ಳಗಾಗಿ ನಡುವಯಸ್ಸಿನಲ್ಲೇ ಅಜ್ಜನಂತೆ ಕಾಣುತ್ತಾರೆ. ಪಾಳಿಗೆ ನಿಂತ ಹೆಂಗಸರನ್ನು ದಾಟಿ ಹೋಗಿ, "ಬಾಬುಸಾಬ್ರ, ಮೊನ್ನಿ ನಮ್ಮ ಜ್ವಾಳ ಬೀಸುವಾಗ ಏನರ ಸಿಕ್ತೇನ್ರಿ?" ಎಂದು ಕಿವಿಯ ಹತ್ತಿರ ಕೂಗಿದೆ. "ಏನ್ ಸಿಗಬೇಕಾಗಿತ್ರಿ ಸರ?" "ಅಂಥಾದ್ದೇನಿಲ್ರಿ. ಸಣ್ಣದೊಂದು ಕೂಸು." ಬಾಬುಸಾಬರು ಗಿರಣಿ ಬಂದ್ ಮಾಡಿದರು. ಪಾಳಿಯ ಹೆಂಗಸರೆಲ್ಲ ನನ್ನತ್ತ ತಿರುಗಿದರು. "ಯಾರ ಕೂಸ್ರೀ?" "ಬಾಡಿಗಿಯವ್ರದು." ಗೊಂಬೆ ಎಂದು ಆಮೇಲೆ ಬಿಡಿಸಿ ಹೇಳಿದೆ. "ಗೊಂಬಿ ಅಂತ ಮೊದಲ ಅನಬಾರ್ದೇನ್ರಿ, ನನ್ನ ಎದಿ ಧಸಕ್ಕಂತು" ಎಂದು ಅವರು ಸೊಂಟದ ಟವೆಲಿನಿಂದ ಮುಖ ಒರೆಸಿಕೊಂಡರು. "ಆವತ್ತ ಕಲ್ಲಿನ್ಯಾಗ ಒಮ್ಮಿ ಖಟ್ ಅಂತ ಸಪ್ಪಳಾಗಿತ್ತು ಖರೆ. ಹರಳ ಇದ್ದೀತಂತ ನಾ ಬಿಟ್ಯಾ. ನಿಮ್ಮ ಜ್ವಾಳದಾಗೋ ಮಂದಿ ಜ್ವಾಳದಾಗೋ, ಸುಳ್ಳ ಹೇಳಾಕ ಬರೂದಿಲ್ರಿ." ಸುಳ್ಳು ಹೇಳಿದ್ದರೆ ಅವರಿಗೆ ಪುಣ್ಯ ಬರುತ್ತಿತ್ತು.

ಆ ಮಧ್ಯಾಹ್ನ ಊಟಕ್ಕೆ ಕುಳಿತೆ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. ಎರಡನೆಯ ತುತ್ತಿಗೆ ಹಲ್ಲಿನಲ್ಲಿ ಕಟ್ ಎಂದಿತು. ಹರಳೋ, ರೋಜಮ್ಮನವರ ಅವ್ವನ ಕಾಲದ್ದೋ? ನುಂಗುವಂತಿರಲಿಲ್ಲ, ಉಗುಳುವಂತಿರಲಿಲ್ಲ. ಎದ್ದುಬಿಟ್ಟೆ. ಅಂದಿನಿಂದ ನನಗೆ ರೊಟ್ಟಿ ಸೇರದಾಯಿತು. ಬರೀ ಅನ್ನ ಹಾಕಿಸಿಕೊಂಡು ಉಣ್ಣತೊಡಗಿದೆ. ನಮ್ಮ ಕಡೆ ಗಂಡಸು ಊಟ ಬಿಟ್ಟರೆ ಸಿಟ್ಟು ಎನ್ನುತ್ತಾರೆ, ರೊಟ್ಟಿ ಬಿಟ್ಟರೆ ರೋಗ ಎನ್ನುತ್ತಾರೆ. ಕಸ್ತೂರಿ ಗಾಬರಿಯಾಗಿ, ಕರ್ಚಿಕಾಯಿ ಕರಿಯುತ್ತಿದ್ದ ಸಿಸ್ಟರನ್ನು ಮೇಲಿಂದ ಕರೆದುಕೊಂಡು ಬಂದಳು. ಅವರು ಹಿಟ್ಟಿನ ಕೈ ತೊಳೆದುಕೊಂಡು, ನನ್ನ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬುತ್ತ, ಸುಮ್ಮನೆ ಮಾತಿಗೆಂಬಂತೆ, "ನಮ್ಮ ಕೂಸು ಹ್ಯಾಂಗೈತ್ರಿ ಸರ? ಜೋಪಾನ ಐತಿಲ್ರಿ?" ಎಂದರು. ಯಂತ್ರದ ಮುಳ್ಳು ಎಲ್ಲಿಗೆ ಹೋಯಿತೋ ನಾನು ನೋಡಲಿಲ್ಲ, ಸಿಸ್ಟರ್ ಹುಬ್ಬು ಏರಿದ್ದು ನೋಡಿದೆ. "ಭಾಳ ಹೆಚ್ಚಾಗೇತ್ರಿ ಸರ. ಏನ್ ವಿಚಾರ ಹಚ್ಕೊಂಡೀರಿ? ಹಬ್ಬ ನಮ್ದು, ಟೆನ್ಶನ್ ನಿಮಗ." ಉಪ್ಪು ಬಿಡಬೇಕು, ಚಿಂತೆ ಬಿಡಬೇಕು ಎಂದರು. ಉಪ್ಪು ಅವತ್ತೇ ಬಿಟ್ಟೆ.

ಉಳಿದದ್ದು ಎರಡೇ ದಾರಿ. ಒಂದು ದೇವರು, ಇನ್ನೊಂದು ಬಜಾರ. ನಾನು ಭಕ್ತಿಯಲ್ಲಿ ಸ್ವಲ್ಪ ಕಚ್ಚಾ. ಸ್ನಾನವಾದ ಮೇಲೆ ಅವ್ವನೊಬ್ಬಳೇ ಕೈಯಾಡಿಸುವ ದೇವರ ಜಗಲಿಯ ಮುಂದೆ ನಿಂತು ಕೈಮುಗಿದು, ವಿಭೂತಿ ಹಚ್ಚಿಕೊಂಡು ಹೊರಡುವುದಷ್ಟೇ ರೂಢಿ. ಆ ದಿನಗಳಲ್ಲಿ ಮಾತ್ರ ಕಣ್ಣು ಗಟ್ಟಿಯಾಗಿ ಮುಚ್ಚಿ, ತುಟಿ ಅಲುಗಿಸುತ್ತ ಬಹಳ ಹೊತ್ತು ನಿಲ್ಲುತ್ತಿದ್ದೆ. ಕೂಸು ಎಲ್ಲಾದರೂ ಇರಲಿ, ಹೇಗಾದರೂ ಇರಲಿ, ನನ್ನ ಕಣ್ಣಿಗೆ ಬೀಳಲಿ ಎಂದು ಬೇಡುತ್ತಿದ್ದೆ. ಅವ್ವ ಹಿಂದೆ ನಿಂತು ನೋಡಿ, ಮಗನಿಗೆ ಈಗಲಾದರೂ ಬುದ್ಧಿ ಬಂತು ಎಂದು ಕಸ್ತೂರಿಗೆ ಹೇಳಿದಳಂತೆ.

ಇಪ್ಪತ್ನಾಲ್ಕರ ಬೆಳಿಗ್ಗೆ ಬಜಾರಕ್ಕೆ ಹೊರಟೆ. ಅಷ್ಟರಲ್ಲಿ ರೋಜಮ್ಮ ಹಬ್ಬಕ್ಕೆ ಮಗಳ ಮನೆಗೆ ಹೊರಟ ಸುದ್ದಿ ಬಂದಿತ್ತು. ಹಿಂದಿನ ದಿನವೇ ಮುದ್ದೇಬಿಹಾಳಕ್ಕೆ ಬಂದು ಬಳಗದವರ ಮನೆಯಲ್ಲಿ ಉಳಿದಿದ್ದವರು ಬೆಳಗಿನ ಬಸ್ಸು ಹತ್ತಿದ್ದರು. ಬಸವನ ಬಾಗೇವಾಡಿಯಲ್ಲಿರುವ ನನ್ನ ಭಾವನಿಗೆ ಫೋನು ಮಾಡಿ, ಅಲ್ಲಿ ಗೊಂಬೆ ಮಾಡುವವರ ಮನೆಯಲ್ಲಿ ಒಂದು ಕೂಸು ಸಿಕ್ಕರೆ ಯಾವುದಾದರೂ ಬಸ್ಸಿಗೆ ಹಾಕಿ ಕಳಿಸು ಎಂದೆ. ಅವನು ಹೋಗಿ ವಿಚಾರಿಸಿ, "ಬಸವಣ್ಣನ ಊರೋ ಮಾರಾಯಾ ಇದು. ಎತ್ತು ಬೇಕಾದಷ್ಟ ಅದಾವು, ಕೂಸು ಇಲ್ಲ. ಎರಡು ಎತ್ತು ಕಳಸ್ಲ್ಯಾ?" ಎಂದ. ಇಂಡಿ ಊರಿನ ಅಂಗಡಿಗಳಲ್ಲಿ ಬೆಣ್ಣೆ ಹಿಡಿದು ಅಂಬೆಗಾಲಿಕ್ಕುವ ಕೃಷ್ಣ ಸಿಕ್ಕ. ಬೆಣ್ಣೆ ಕಿತ್ತರೂ ಅವನ ತಲೆಯ ನವಿಲುಗರಿ ಹೋಗುವಂತಿರಲಿಲ್ಲ. ಕಡೆಗೆ ಒಂದು ಅಂಗಡಿಯವನು ಪ್ಲಾಸ್ಟಿಕ್ಕಿನ ಗುಲಾಬಿ ಬಣ್ಣದ ಕೂಸೊಂದನ್ನು ತೋರಿಸಿದ. "ಹೊಟ್ಟಿ ಒತ್ತಿದ್ರ ಅಳ್ತೈತ್ರಿ ಸರ, ಗ್ಯಾರಂಟಿ." ಅಳುವುದು ಬೇಡವಾಗಿತ್ತು, ಆದರೆ ಅಳದ ಕೂಸು ಅವನಲ್ಲಿರಲಿಲ್ಲ. ಕೊಂಡು ಕೋಟಿನ ಒಳಜೇಬಿಗೆ ಹಾಕಿದೆ. ಅಷ್ಟರಲ್ಲಿ ಕಸ್ತೂರಿಯ ಫೋನು, "ಸಿಸ್ಟರ ಅವ್ವಾರು ತಾಳಿಕೋಟಿ ದಾಟ್ಯಾರಂತ." ಚಹಾದಂಗಡಿಯಲ್ಲಿ ಕುಳಿತಾಗ ಇನ್ನೊಮ್ಮೆ, "ಸಿಂದಗ್ಯಾಗ ಬಸ್ ಬದಲಿ ಮಾಡ್ಯಾರಂತ." ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ಕೂಡಲೇ ಹಬ್ಬದ ದಿನ ಹೀಗೆ ಬೇಡಬಾರದೆನಿಸಿ ಹಿಂದಕ್ಕೆ ತೆಗೆದುಕೊಂಡೆ.

ರೋಜಮ್ಮ ಬಂದೇ ಬಂದರು. ಸಣ್ಣ ಜೀವ, ಬಿಳಿ ಸೀರೆ, ಕೈಯಲ್ಲಿ ಚಕ್ಕುಲಿಯ ಡಬ್ಬಿ. ಚಹಾ ಕುಡಿಯುವ ಮೊದಲೇ ಗೋದಲಿಯ ಮುಂದೆ ಕುಳಿತು ಕುರಿಗಳ ಜಾಗ ಬದಲಿಸಿ, ಮರಿಯಮ್ಮನ ಮುಂದಿದ್ದ ಉಪ್ಪಿನಕಾಯಿ ನೋಡಿ ಮಗಳ ಮುಖ ನೋಡಿದರು. ದೀಪ ಹಚ್ಚುವ ಹೊತ್ತಾಯಿತು. ಸಿಸ್ಟರ್ ಡ್ಯೂಟಿಯ ಬಟ್ಟೆಯಲ್ಲೇ ಇದ್ದರು, ಕೂಸನ್ನು ಇಟ್ಟು ಆಸ್ಪತ್ರೆಗೆ ಹೋಗಬೇಕು. ಎಲ್ಲರೂ ಗೋದಲಿಯ ಸುತ್ತ ನಿಂತೆವು. ರೋಜಮ್ಮ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿ, ಎರಡೂ ಕೈ ನನ್ನತ್ತ ಚಾಚಿದರು. "ಕೊಡ್ರಿ ಸರ ಕೂಸಿನ. ನಿಮ್ಮ ಮ್ಯಾಲ ಹಾಕಿ ಅರಾಮ ಇದ್ವಿ ನೋಡ್ರಿ." ಆ ಕೈಗಳಲ್ಲಿ ಪ್ಲಾಸ್ಟಿಕ್ಕಿನ ಗೊಂಬೆ ಇಡುವುದು ಸಾಧ್ಯವಿಲ್ಲವೆಂದು ನನಗೆ ಆ ಕ್ಷಣಕ್ಕೆ ಖಾತ್ರಿಯಾಯಿತು. ಏನು ಹೇಳುವುದೆಂದು ತಿಳಿಯದೆ ಎದೆಯ ಮೇಲೆ ಕೈಯಿಟ್ಟುಕೊಂಡೆ. ಒಳಜೇಬಿನಲ್ಲಿದ್ದ ಕೂಸು ಗ್ಯಾರಂಟಿಯಂತೆ ಅಳತೊಡಗಿತು.

ಬಿಡಲೊಲ್ಲದು. ಹೊಟ್ಟೆ ಒತ್ತಿದರೆ ಅಳುವುದನ್ನು ಅಂಗಡಿಯವ ಹೇಳಿದ್ದ, ನಿಲ್ಲಿಸುವುದು ಹೇಗೆಂದು ಹೇಳಿರಲಿಲ್ಲ. ಸಿಸ್ಟರ್ ಮಗಳು ಖುಷಿಯಿಂದ ಕೈ ತಟ್ಟಿದಳು, ಬೇರೆ ಯಾರೂ ನಗಲಿಲ್ಲ. ಆ ಅಳುವಿನ ನಡುವೆಯೇ ನಾನು ಎಲ್ಲ ಹೇಳಿದೆ. ಜೋಳದ ಚೀಲ, ಧೋತರದ ಚೂರು, ಗಿರಣಿ, ಖಟ್ ಎಂದ ಸಪ್ಪಳ, ಬಿಟ್ಟ ರೊಟ್ಟಿ. ರೋಜಮ್ಮನ ಚಾಚಿದ ಕೈಗಳು ಮೆಲ್ಲಗೆ ಕೆಳಗಿಳಿದವು. ಬೈಯಲಿಲ್ಲ. "ಹೋಗ್ಲಿ ಬಿಡ್ರಿ, ನೀವೇನ್ ಬೇಕಂತ ಮಾಡಿಲ್ಲ" ಎಂದರು, ಆದರೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ಕಸ್ತೂರಿ ನನ್ನನ್ನು ನೋಡಿದಳು, ಪತ್ರಿಕೆ ಬಿದ್ದಾಗಿನ ನೋಟ.

ಮೊದಲು ಬಾಯಿ ಬಿಟ್ಟವಳು ಅವ್ವ. "ಅದನ್ನ ನೀ ಇಟ್ಟಿದ್ದೇನು?" ಎಂದಳು. ದನಿ ಬೇರೆಯೇ ಇತ್ತು. ಒಳಗೆ ಹೋಗಿ, ದೇವರ ಜಗಲಿಯಿಂದ ಏನನ್ನೋ ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಸೆರಗು ಸರಿಸಿದರೆ ಕೂಸು. ಹಣೆಗೆ ಮೂರು ಬೆರಳಿನ ವಿಭೂತಿ, ಗಲ್ಲಕ್ಕೆ ದೃಷ್ಟಿಬೊಟ್ಟು. ತಲೆಯಿಂದ ಬೆನ್ನ ತನಕ ಇಳಿಬಿದ್ದ ಖಣದ ಕುಂಚಿಗೆ. ಅದಕ್ಕೆ ಕೆಂಪು ದಾರದ ಗೊಂಡೆ. ಮೂಗಿನ ತುದಿ ಮಾತ್ರ ಮೊದಲಿನಂತೆಯೇ ಮುಕ್ಕು. ಇಷ್ಟು ದಿನ ಕಣ್ಣು ಮುಚ್ಚಿ ನಾನು ಬೇಡಿಕೊಂಡದ್ದು ಅದರ ಮುಂದೆಯೇ.

"ಆಯಿ, ನಿಮಗ ಇದು ನಮ್ಮ ಕೂಸಂತ ಅನಸ್ಲಿಲ್ಲೇನ್ರಿ?" ಎಂದರು ಸಿಸ್ಟರ್. "ನೀನ ಹೇಳಿದೆಲ್ಲವ್ವಾ, ನಿಮ್ಮ ಕೂಸು ಇನ್ನಾ ಹುಟ್ಟಿಲ್ಲಂತ. ಹುಟ್ಟದಿದ್ದ ಕೂಸು ನಮ್ಮ ಜ್ವಾಳದಾಗ ಹ್ಯಾಂಗ ಬರ್ತೈತಿ?" ನನಗೆ ಸಿಟ್ಟು ಬಂತು. "ನಾ ಕೇಳಿದಾಗರ ಹೇಳಬಾರ್ದೇನಬೇ" ಎಂದೆ. ಅವ್ವ ಗೋದಲಿಯ ಮುಂದೆ ಕುಳಿತುಕೊಂಡು ಕುಂಚಿಗೆಯ ಗೊಂಡೆ ಸರಿಮಾಡುತ್ತ ನಿಧಾನವಾಗಿ ಹೇಳಿದಳು. "ನಾ ಲಗ್ನಾಗಿ ಬಂದಾಗ ಮನಿತುಂಬ ಮಂದಿ. ಎಲ್ಲಾರ ಎದುರಿಗಿ ಹೆಂಡ್ತಿ ಕೈಯಾಗ ಒಂದು ವಸ್ತು ಕೊಡಾಕ ನಿಮ್ಮಪ್ಪಗ ನಾಚಿಗಿ. ಎಳ್ಳಮಾಸಿ ಮುಂದ ನಾ ಜ್ವಾಳ ಹಸನ ಮಾಡಾಕ ಕುಂತ್ರ ಚೀಲದಾಗ ಏನರ ಒಂದು ಸಿಗೂದು. ಒಮ್ಮಿ ಬಳಿ, ಒಮ್ಮಿ ನತ್ತು, ಒಮ್ಮಿ ಬರೇ ಒಂದು ಬಾಚಣಿಕಿ. ಅವರು ಹೇಳ್ತಿದ್ದಿಲ್ಲ, ನಾ ಕೇಳ್ತಿದ್ದಿಲ್ಲ. ಈ ಕೂಸೂ ಅವರ ಧೋತರದಾಗ ಸುತ್ತಿತ್ತು." ಕೂಸಿನ ಕುಂಚಿಗೆಯನ್ನು ಇನ್ನೊಮ್ಮೆ ಎಳೆದು ಸರಿಮಾಡಿದಳು. "ಹೋದಾವ್ರು ತಂದಿಡೂದಿಲ್ಲ ಅನ್ನೂದು ನನಗೂ ತಿಳೀತೈತಿ. ಕೇಳಿದ್ರ ಯಾರರ ನಾ ಇಟ್ಟೇನಿ ಅಂತಿದ್ರು. ಅದಕ್ಕ ಹೇಳಲಿಲ್ಲ."

ಜೇಬಿನ ಗೊಂಬೆ ಅಷ್ಟರಲ್ಲಿ ಅಳು ನಿಲ್ಲಿಸಿತ್ತು. ಅಪ್ಪ ಜೋಳದಲ್ಲಿಡುತ್ತಿದ್ದದ್ದು ಸಿಗಬಾರದೆಂದು ಅಲ್ಲ, ಸಿಗಲಿ ಎಂದು. ಅದೂ ಒಬ್ಬಳಿಗೇ ಸಿಗಲಿ ಎಂದು. ಇಡುವ ವಿದ್ಯೆಯನ್ನು ಮಾತ್ರ ಕಲಿತು, ಯಾಕೆ ಎಂಬುದನ್ನು ಬಿಟ್ಟು, ಇಷ್ಟು ವರ್ಷ ನಾನು ಜೋಪಾನದ ಪಂಡಿತನಾಗಿ ಮೆರೆದಿದ್ದೆ.

ಅವ್ವ ಸೆರಗಿನ ತುದಿಯಿಂದ ವಿಭೂತಿ ಒರೆಸಿ ಕೂಸನ್ನು ರೋಜಮ್ಮನ ಕೈಯಲ್ಲಿಟ್ಟಳು. ಕುಂಚಿಗೆ ಬಿಚ್ಚಲು ಹೋದವಳನ್ನು ರೋಜಮ್ಮ ತಡೆದರು. "ಇರ್ಲಿ ಬಿಡ್ರೆಕ್ಕಾ. ಇಂಥಾ ಥಂಡ್ಯಾಗ ಹುಟ್ಟಿದ ಕೂಸು. ನಮ್ಮವ್ವ ಬರೇ ಮೈಲೆ ಮಲಗಸ್ತಿದ್ಳು, ನಾನೂ ಬರೇ ಮೈಲೆ ಮಲಗಿಸಿದ್ಯಾ. ತಲಿಗಿ ಒಂದು ಅರಿವಿ ಹಾಕ್ಬೇಕಂತ ಒಬ್ಬರಿಗೂ ತಿಳೀಲಿಲ್ಲ ನೋಡ್ರಿ." ಖಣದ ಕುಂಚಿಗೆಯ ಕೂಸು ಹುಲ್ಲಿನ ಮೇಲೆ ಮಲಗಿತು. ಎತ್ತು, ಕತ್ತೆ, ಜೋಸೆಫಪ್ಪ ಎಲ್ಲರ ಮುಖದಲ್ಲೂ ಸಮಾಧಾನ ಕಂಡಿತು, ಅಥವಾ ನನಗೆ ಹಾಗೆನಿಸಿತು. ಸಿಸ್ಟರ್ ಗಡಿಯಾರ ನೋಡಿಕೊಂಡು ಆಸ್ಪತ್ರೆಗೆ ಓಡಿದರು. ನಾನು ಆ ಹೊತ್ತಿಗೆ ಎಷ್ಟು ರೊಟ್ಟಿ ತಿಂದೆನೆಂದು ಕಸ್ತೂರಿ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಹಬ್ಬ ಮುಗಿದ ಮೇಲೆ ರೋಜಮ್ಮ ಉಳಿದ ಗೊಂಬೆಗಳನ್ನು ಪೆಟ್ಟಿಗೆಗೆ ತುಂಬಿ, ಕೂಸನ್ನು ಮಾತ್ರ ಅವ್ವನ ಕೈಯಲ್ಲಿ ಕೊಟ್ಟು, "ಬರೂ ವರ್ಷದ ತನಕ ನಿಮ್ಮ ಕಡೇನ ಇರ್ಲಿ" ಎಂದರು. ಹೇಳುವಾಗ ನನ್ನತ್ತ ನೋಡಲಿಲ್ಲ, ದೊಡ್ಡ ಮನಸ್ಸಿನವರು.

ಎಳ್ಳ ಅಮಾವಾಸ್ಯೆಗೆ ಇನ್ನೆರಡು ದಿನವಿದ್ದಾಗ ನಾನು ಒಂದು ಬೆಳ್ಳಿಯ ಸುಣ್ಣದ ಡಬ್ಬಿ ತಂದೆ. ಧೋತರದ ಇನ್ನೊಂದು ಚೂರಿನಲ್ಲಿ ಸುತ್ತಿ, ಯಾರೂ ಇಲ್ಲದಾಗ, ಮೊಣಕೈ ಮುಳುಗುವ ತನಕ ಹೊಸದಾಗಿ ಬಂದ ಜೋಳದಲ್ಲಿ ಕೈಹಾಕಿ ಇಟ್ಟೆ. ಸಂಜೆಗೆ ತಿಳಿಯಿತು, ಮನೆಯಲ್ಲಿದ್ದದ್ದು ಎರಡು ಚೀಲ. ಒಂದು ಮನೆಗೆ, ಇನ್ನೊಂದು ಲಚ್ಯಾಣದ ಮಠದ ದಾಸೋಹಕ್ಕೆ ಕೊಡಲಿಕ್ಕೆ. ನಾನು ಯಾವುದರಲ್ಲಿ ಇಟ್ಟಿದ್ದೆ? ಮಠದ ಚೀಲ ಆಗಲೇ ಹೋಗಿತ್ತು, ಮನೆಯದನ್ನು ಅವ್ವ ಹಸನು ಮಾಡಿ ಗಿರಣಿಗೆ ಕಳಿಸಿಯಾಗಿತ್ತು. ಮತ್ತೆ ನಿದ್ದೆ ಹೋಯಿತು. ಅವ್ವ ಹಳೆಯ ಪ್ಲಾಸ್ಟಿಕ್ ಡಬ್ಬಿಯಿಂದಲೇ ಸುಣ್ಣ ತೆಗೆದು ಎಲೆಗೆ ಹಚ್ಚುತ್ತಿದ್ದಳು. ಸಿಕ್ಕಿತೇ ಎಂದು ಕೇಳುವಂತಿಲ್ಲ, ಇಟ್ಟವರು ಹೇಳಬಾರದು. ಬಾಬುಸಾಬರ ಗಿರಣಿಗೆ ಹೋಗಿ ನಿಂತೆ. ನನ್ನನ್ನು ನೋಡುತ್ತಲೇ ಅವರು, "ಇವತ್ತ ಯಾರ ಕೂಸ್ರಿ ಸರ?" ಎಂದರು.

ಅಮಾವಾಸ್ಯೆಯ ಬೆಳಿಗ್ಗೆ ಸ್ನಾನ ಮಾಡಿ ಜಗಲಿಯ ಮುಂದೆ ನಿಂತವನು ಈ ಸಲ ಕಣ್ಣು ಮುಚ್ಚಲಿಲ್ಲ. ಹುಟ್ಟಿದಾಗಿನಿಂದ ಕೈಮುಗಿಯುತ್ತಿದ್ದ ಜಗಲಿಯನ್ನು ಅವತ್ತೇ ಮೊದಲ ಸಲ ನೋಡಿದ್ದು. ಕುಂಚಿಗೆಯ ಕೂಸು ಇತ್ತು. ಅದರ ಪಕ್ಕದಲ್ಲಿ ಬೆಳ್ಳಿಯ ಡಬ್ಬಿ, ಮುಚ್ಚಳದ ಮೇಲೆ ವಿಭೂತಿ, ಒಂದು ಎಸಳು ಹೂವು. ಆಮೇಲೆ ಡಬ್ಬಿಯ ಹಿಂದೆ ಏನೋ ಕಂಡಿತು. ಧೋತರದ್ದೇ ಇನ್ನೊಂದು ಚೂರು, ಹಳೆಯದು, ಅರಿಷಿಣ ಕುಂಕುಮ ಹತ್ತಿ ಬಣ್ಣಗೆಟ್ಟದ್ದು. ಅದರ ಮೇಲೆ ಎಷ್ಟೋ ದಿನದ ಪೂಜೆಯ ವಿಭೂತಿ ಮೆತ್ತಿಕೊಂಡು ಕುಳಿತಿತ್ತು ನಮ್ಮ ತಿಜೋರಿಯ ಕೀಲಿಕೈ. ಕಳ್ಳನ ಅಪ್ಪನಿಗೂ ಸಿಗದ ಜಾಗ ಯಾವುದಾಗಿತ್ತೆಂದು ಆಗ ನೆನಪಾಯಿತು. ಕೀಲಿ ಒಡೆಸಿದ ಮೇಲೆ, ಯಾವುದೋ ಅಮಾವಾಸ್ಯೆಯ ಮುಂದೆ, ಜೋಳ ಹಸನು ಮಾಡುವಾಗ ಅದು ಅವ್ವನಿಗೆ ಸಿಕ್ಕಿರಬೇಕು.

ಹಿಂದೆ ಅವ್ವ ಬಂದು ನಿಂತಳು. ಬೆಳ್ಳಿಯ ಡಬ್ಬಿ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು, ನನ್ನ ಮುಖ ನೋಡಲಿಲ್ಲ. ಕೀಲಿಕೈಗೆ ಒಂದು ಹೂವು ಏರಿಸಿ, "ನಡಿಯಪಾ, ಹೊಲಕ್ಕ ಹೊತ್ತಾತು" ಎಂದಳು. ನಾನು ಏನೂ ಕೇಳಲಿಲ್ಲ. ತಿಜೋರಿಯ ಹತ್ತಿರ ಹೋಗಿ, ಅವತ್ತಿನ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಬಾಗಿಲಿಗೆ ಗಟ್ಟಿಯಾಗಿ ಸಿಕ್ಕಿಸಿ, ಬುತ್ತಿಯ ಗಂಟು ಹೆಗಲಿಗೇರಿಸಿಕೊಂಡೆ.